ಬಿಳಿಗಲ್ಲಿನ ಸಾಲಿನಾಚೆ ಆರ್ವಿಲ್

ಹೋದ ತಿಂಗಳು ಆರ್ವಿಲ್ ಟ್ಯಾಕೆಟ್‌ನನ್ನು ಮಣ್ಣು ಮಾಡಿದೆವು. ಪಾದ್ರಿ ಹೊಸಬ, ವೇಗಸ್‌ನಿಂದ ಬಂದವನು. ‘ದೇಶಕ್ಕಾಗಿ ದುಡಿದ ಶಿಸ್ತಿನ ಮನುಷ್ಯ’ ಎಂದು ಎರಡು ಮಾತು ಹೇಳಿ ಗಡಿಯಾರ ನೋಡಿಕೊಂಡ. ಶಿಸ್ತಂತೆ. ಆ ಶಿಸ್ತು ಒಂದು ಮನೆಯನ್ನು ಹೇಗೆ ಹಿಂಡಿ ಹಾಕಿತು ಎಂದು ಅವನಿಗೇನು ಗೊತ್ತು? ನನಗೆ ಗೊತ್ತು. ಅದರಲ್ಲಿ ನನ್ನ ಪಾಲೂ ಇದೆ. ನನಗೀಗ ಎಪ್ಪತ್ತೊಂಬತ್ತು. ಇನ್ನೂ ಬಾಯಿಗೆ ಬೀಗ ಹಾಕಿಕೊಂಡು ಕೂರುವುದರಲ್ಲಿ ಅರ್ಥವಿಲ್ಲ.

ನಾನು ಮೇವಿಸ್. ವೇಗಸ್‌ನಿಂದ ಟೊನೋಪಾಗೆ ಹೋಗುವ ಹೆದ್ದಾರಿಯ ಪಕ್ಕ, ವಾಯುದಳದ ರನ್‌ವೇ ಎದುರಿಗೆ, ಮೂವತ್ತೈದು ವರ್ಷ ಹೋಟೆಲು ನಡೆಸಿದವಳು. ನನ್ನ ಗಂಡ ಲೀಲಂಡ್‌ಗೆ ಯುರೇನಿಯಂ ಹುಚ್ಚು. ಆಗ ಊರಿಗೂರೇ ಆ ಹುಚ್ಚು ಹಿಡಿಸಿಕೊಂಡಿತ್ತು ಅನ್ನಿ. ಗುಡ್ಡಗುಡ್ಡ ಅಲೆದು ಸಿಕ್ಕ ಕಲ್ಲಿಗೆಲ್ಲ, ವಿಕಿರಣ ಇದ್ದರೆ ಸದ್ದು ಮಾಡುವ ಗೈಗರ್ ಪೆಟ್ಟಿಗೆಯ ಕೊಳವೆ ಹಿಡಿಯುವುದು, ಅದು ಟಿಕ್ ಟಿಕ್ ಎಂದರೆ ಕುಣಿದಾಡುವುದು. ಒಂದು ದಿನ ಲೀಲಂಡ್ ಹೊಸ ಪೆಟ್ಟಿಗೆ ಎತ್ತಿಕೊಂಡು ಯೂಟಾ ಕಡೆ ಹೋದ. ಯುರೇನಿಯಮ್ಮೂ ಬರಲಿಲ್ಲ, ಅವನೂ ಬರಲಿಲ್ಲ. ಹಳೇ ಪೆಟ್ಟಿಗೆ ಮತ್ತು ಒಂದು ಹಿಡಿ ಅದಿರಿನ ಕಲ್ಲು ನನ್ನ ಪಾಲಿಗೆ ಉಳಿದವು. ಆ ಪೆಟ್ಟಿಗೆಯನ್ನು ಅವತ್ತೇ ತಿಪ್ಪೆಗೆ ಎಸೆದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಆರ್ವಿಲ್ ಆರ್ಕನ್ಸಾದವನು. ಉದ್ದ ಆಳು, ದೊಡ್ಡ ಕಿವಿ, ಮಾತು ಕಮ್ಮಿ. ಹೆಂಡತಿ ವರ್ಲಾ ಅವನಿಗೆ ತದ್ವಿರುದ್ಧ, ಗೋಡೆಯನ್ನೂ ಮಾತಾಡಿಸುವವಳು. ಹೋಟೆಲಿನ ಹಿಂದಿನ ಮನೆಯಲ್ಲೇ ಅವರ ಸಂಸಾರ. ಅವನಿಗೆ ರನ್‌ವೇಯಲ್ಲಿ ಕೆಲಸ. ಮರುಭೂಮಿಯಲ್ಲಿ ಪರೀಕ್ಷೆಗೆಂದು ಅಣುಬಾಂಬು ಸಿಡಿಸಿದ ಬೆಳಿಗ್ಗೆ ನಮ್ಮ ಕಿಟಕಿಗಳು ಗಡಗಡ ಅಂದವೆಂದರೆ ಅವನ ಕೆಲಸ ಹತ್ತಿರ ಬಂತೆಂದೇ ಲೆಕ್ಕ. ಮೋಡ ಮೇಲೆದ್ದ ಮೇಲೆ ವಿಮಾನಗಳು ಹೋಗಿ ಅದರೊಳಗೆ ನುಗ್ಗಿ ಬರುತ್ತಿದ್ದವು. ರೆಕ್ಕೆಯ ತುದಿಗೆ ಕಟ್ಟಿದ ಡಬ್ಬಿಗಳಲ್ಲಿ ಸೋಸುವ ಕಾಗದ ಇರುತ್ತಿತ್ತು, ಮೋಡದ ವಿಕಿರಣದ ಧೂಳು ಅದಕ್ಕೆ ಹತ್ತಿಕೊಂಡು ಬರಬೇಕು. ಆ ಧೂಳು ನೋಡಿ ಬಾಂಬು ಹೇಗೆ ಸಿಡಿಯಿತೆಂದು ಓದಿದವರು ಹೇಳುತ್ತಿದ್ದರಂತೆ. ಇಳಿದ ಪೈಲಟ್ ತನ್ನ ವಿಮಾನದ ಮೈಯನ್ನೇ ಮುಟ್ಟುವಂತಿರಲಿಲ್ಲ. ಸಾಮಾನೆತ್ತುವ ಗಾಡಿಯ ಮೇಲೆ ಹಲಗೆಯಿಟ್ಟು ಅವನನ್ನು ದೇವರನ್ನು ಇಳಿಸಿದಂತೆ ಇಳಿಸುತ್ತಿದ್ದರು. ಆಮೇಲೆ ಆರ್ವಿಲ್ ಮತ್ತು ಇನ್ನೊಬ್ಬ ಉದ್ದ ಕೋಲಿನ ಕೊಕ್ಕೆಯಿಂದ ಕಾಗದ ಎಳೆದು, ಸುರುಳಿ ಸುತ್ತಿ, ಸೀಸದ ಡಬ್ಬಿಗೆ ಹಾಕಿ ಮುಚ್ಚಬೇಕು. ಕೈ ತಾಗಕೂಡದು. ಮುಗಿದ ಮೇಲೆ ಬಟ್ಟೆ ಬಿಚ್ಚಿ, ಮೈ ಉಜ್ಜಿ ತೊಳೆದು, ಯಂತ್ರದ ಮುಂದೆ ನಿಂತು ‘ಹೋಗಬಹುದು’ ಅನ್ನಿಸಿಕೊಂಡು ಮನೆಗೆ.

ಐವತ್ತಾರರ ನವೆಂಬರಿನಲ್ಲಿ ಮಗಳು ನೆಡ್ರಾ ಹುಟ್ಟಿದಳು. ಅಲ್ಲಿಯವರೆಗೆ ಮೂಕನ ಹಾಗಿದ್ದವನಿಗೆ ಬಾಯಿ ಬಂತು. ಅಂಗೈಯಲ್ಲಿ ಮಗುವಿನ ತಲೆ, ಮುಂಗೈ ಮೇಲೆ ಮೈ, ಹಾಗೆ ಹಿಡಿದುಕೊಂಡು ನನ್ನ ಹೋಟೆಲಿಗೆ ಬಂದು ಕಂಡಕಂಡ ಲಾರಿ ಡ್ರೈವರುಗಳಿಗೆ ತೋರಿಸುತ್ತಿದ್ದ.

“ನೋಡಿ ಮೇವಿಸ್, ಪುಣ್ಯಕ್ಕೆ ನನ್ನ ಕಿವಿ ಬಂದಿಲ್ಲ.”

“ಬೆಳೀಲಿ ತಡಿ. ಕಿವಿ ಕೊನೇಲಿ ಬರ್ತವೆ,” ಎಂದು ನಾನು ಕಾಡಿಸುತ್ತಿದ್ದೆ.

ಮಗುವಿಗೆ ಎಂಟು ತಿಂಗಳಿದ್ದಾಗ, ಆ ಜುಲೈನಲ್ಲಿ, ಕೆಟ್ಟ ಗಳಿಗೆ ಬಂತು. ವಿಮಾನದಿಂದ ಕಾಗದ ಎಳೆಯುವಾಗ ಗಾಳಿ ಬೀಸಿ ಅದು ಕೊಕ್ಕೆಯಿಂದ ಜಾರಿತು. ನೆಲದ ಮೇಲೆ ಹೊರಳಿಕೊಂಡು ಹೊರಟಿತು. ಒಬ್ಬ ಪೈಲಟ್ ಆ ಮೋಡದೊಳಗೆ ಹೋಗಿ ತಂದ ಕಾಗದ ಅದು. ಆರ್ವಿಲ್ ಹಿಂದುಮುಂದು ನೋಡದೆ ಓಡಿ ಬಲಗೈಯಲ್ಲಿ ಗಪ್ಪನೆ ಹಿಡಿದ. ಕೈಯಲ್ಲಿ ಇದ್ದದ್ದು ತೆಳ್ಳನೆಯ ಹತ್ತಿ ಗವಸು. ಜೊತೆಯವನು ಆ ಕಡೆ ತಿರುಗಿದ್ದ, ಯಾರೂ ನೋಡಲಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ, ಯಾವುದೋ ಆಸ್ಪತ್ರೆಗೆ ಸಾಗಿಸುತ್ತಾರೆ ಎಂದು ಹೆದರಿ ಇವನು ಬಾಯಿ ಬಿಡಲಿಲ್ಲ. ಕೈಯನ್ನು ಚರ್ಮ ಕೀಳುವ ಹಾಗೆ ಉಜ್ಜಿದ. ಬಾಗಿಲಿನ ಯಂತ್ರ ‘ಹೋಗಬಹುದು’ ಎಂದಿತು, ಇವನ ಮನಸ್ಸು ಅನ್ನಲಿಲ್ಲ.

ವಾರವಾದ ಮೇಲೆ ನನ್ನ ಬಳಿ ಬಂದು, “ಲೀಲಂಡ್ ಪೆಟ್ಟಿಗೆ ಒಂದಿನದ ಮಟ್ಟಿಗೆ ಕೊಡ್ತೀರಾ?” ಎಂದ. ನಾನು ಕೊಟ್ಟೆ. ಯಾಕೆ ಎಂದು ಕೇಳಲೂ ಇಲ್ಲ. ಆಗ ಯಾರು ಪೆಟ್ಟಿಗೆ ಕೇಳಿದರೂ ಕಲ್ಲು ಹುಡುಕಲಿಕ್ಕೆ ಎಂದೇ ಅಂದುಕೊಳ್ಳುತ್ತಿದ್ದೆವು.

ಅವತ್ತು ಸಂಜೆ ನಡೆದದ್ದನ್ನು ವರ್ಲಾ ಆಮೇಲೆ ನನಗೆ ಹೇಳಿದಳು. ಮೂವರೂ ಊಟಕ್ಕೆ ಕೂತಿದ್ದರು. ಆ ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ತಟ್ಟೆ. ಆರ್ವಿಲ್‌ನ ತಾಯಿ ಮದುವೆಗೆ ಕಳಿಸಿದ್ದ ಹಳೇ ಪಿಂಗಾಣಿ. ಆರ್ವಿಲ್‌ಗೆ ಕಿತ್ತಳೆ ಬಣ್ಣದ ತಟ್ಟೆ, ಅದೇ ಬಣ್ಣದ ಕಾಫಿ ಕಪ್ಪು. ಚಿಕ್ಕವನಿದ್ದಾಗಿನಿಂದ ಅವನು ಉಂಡದ್ದು ಅದರಲ್ಲೇ. ವರ್ಲಾಗೆ ನೀಲಿ, ಮಗುವಿಗೆ ಹಳದಿ, ನೆಂಟರಿಗೆ ಹಸಿರು. ಆರ್ವಿಲ್ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟು ಚಾಲೂ ಮಾಡಿದ. ಕೊಳವೆಯನ್ನು ಮಗುವಿನ ಹತ್ತಿರ ಹಿಡಿದ, ಎಲ್ಲೋ ಒಂದು ಟಿಕ್ ಅಂದಿತು. ವರ್ಲಾಳ ಹತ್ತಿರವೂ ಹಾಗೇ. ತನ್ನ ಜಾಗಕ್ಕೆ ಬಂದು ಕೂತು ಬಲಗೈಗೆ ಹಿಡಿದ. ಬಾಣಲೆಯಲ್ಲಿ ಜೋಳದ ಅರಳು ಸಿಡಿದ ಹಾಗೆ ಚಟಪಟ ಶುರುವಾಯಿತು. ಎದ್ದು ಹೋಗಿ ಕೈ ತೊಳೆದು ಬಂದು ಕೂತ, ಹಿಡಿದ. ಮತ್ತೆ ಚಟಪಟ. ಎದೆಗೆ ಹಿಡಿದ, ಅಲ್ಲೂ.

“ಅಲ್ಲಿನ ಯಂತ್ರ ಪಾಸು ಮಾಡಿದೆಯಲ್ಲ,” ಎಂದಳು ವರ್ಲಾ.

“ಅಲ್ಲಿ ನೆಲ, ಗೋಡೆ ಎಲ್ಲಾ ಟಿಕ್ ಅಂತಾನೇ ಇರುತ್ತೆ ವರ್ಲಾ. ಅಷ್ಟು ಗಲಾಟೇಲಿ ನಂದು ಎಲ್ಲಿ ಕೇಳ್ಸುತ್ತೆ? ಇದು ಒಳಗೆ ಹೋಗಿದೆ. ಮೂಳೆಗೆ ಇಳಿದಿದೆ.”

“ಇಳಿದ್ರೆ ಇಳೀಲಿ. ನನಗೇನೂ ಹೆದ್ರಿಕೆ ಇಲ್ಲ.”

“ಮಗು?”

 ಅವನು ತನ್ನ ತಟ್ಟೆ, ಕಪ್ಪು, ಹಾಸಿಗೆ ಎತ್ತಿಕೊಂಡು ಹಿತ್ತಿಲಲ್ಲಿ ಚಕ್ರ ಕಳಚಿ ನಿಲ್ಲಿಸಿದ್ದ ಹಳೇ ಟ್ರೇಲರ್ ಗಾಡಿಮನೆಗೆ ಹೋದ. ಮಾರನೆ ದಿನ ಟ್ರೇಲರಿಗೂ ಮನೆಗೂ ನಡುವೆ ಬಿಳಿ ಕಲ್ಲುಗಳ ಸಾಲು ಜೋಡಿಸಿದ. ರನ್‌ವೇಯಲ್ಲಿ ವಿಮಾನದ ಸುತ್ತ ಗೆರೆ ಎಳೆದು ಹಗ್ಗ ಕಟ್ಟುತ್ತಿದ್ದರಲ್ಲ, ಅದೇ ಕ್ರಮ. ಕಲ್ಲಿನ ಈಚೆ ಅವನು, ಆಚೆ ಅವರು, ಎದುರಾದರೆ ನಡುವೆ ಮೂರು ಹೆಜ್ಜೆ. ಹಾಗೆ ಆ ಮನೆ ಎರಡಾಯಿತು.

ಮೊದಮೊದಲು ಊರಿನವರು ಗಂಡಹೆಂಡಿರ ಜಗಳ ಅಂದುಕೊಂಡರು. ನಾನೂ ಹಾಗೇ ಅಂದುಕೊಂಡು ವರ್ಲಾಗೆ ಬುದ್ಧಿ ಹೇಳಲು ಹೋದೆ. ಅವಳು ಅತ್ತು ಎಲ್ಲ ಹೇಳಿದಳು. ಯಾರಿಗೂ ಹೇಳುವುದಿಲ್ಲ ಎಂದು ಬೈಬಲ್ ಮುಟ್ಟಿ ಮಾತು ಕೊಟ್ಟೆ. ವಾಯುದಳದ ಡಾಕ್ಟರು ವರ್ಷಕ್ಕೊಮ್ಮೆ ನೋಡಿ ‘ಕಲ್ಲುಗುಂಡಿನ ಹಾಗಿದ್ದೀಯ’ ಎಂದರೂ ಆರ್ವಿಲ್ ನಂಬಲಿಲ್ಲ. ತಾನು ಮುಚ್ಚಿಟ್ಟದ್ದು ಅವರಿಗೆ ಗೊತ್ತಿಲ್ಲ, ಅದಕ್ಕೇ ಹಾಗನ್ನುತ್ತಾರೆ ಎಂದು ಅವನ ವಾದ.

ನೆಡ್ರಾ ನಡೆಯಲು ಕಲಿತದ್ದು ಆ ಕಲ್ಲಿನ ಸಾಲಿನವರೆಗೆ. ಕಲ್ಲು ದಾಟಿದರೆ ಅಪ್ಪ ಎದ್ದು ಟ್ರೇಲರಿನೊಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಅವಳು ಅಳುತ್ತಿದ್ದಳು, ಅವನು ಒಳಗೆ ನಿಂತಿರುತ್ತಿದ್ದ. ಎರಡು ವರ್ಷಕ್ಕೆಲ್ಲ ಮಗು ಪಾಠ ಕಲಿತಿತು. ಏನಾದರೂ ತೋರಿಸಬೇಕಾದರೆ ಕಲ್ಲಿನ ಮೇಲಿಟ್ಟು, ಒಂದು, ಎರಡು, ಮೂರು ಎಂದು ಎಣಿಸುತ್ತಾ ಹಿಂದೆ ಸರಿದು ನಿಲ್ಲುತ್ತಿದ್ದಳು. ಆಗ ಅವನು ಬಂದು ಎತ್ತಿಕೊಳ್ಳುತ್ತಿದ್ದ. ಗೀಚಿದ ಚಿತ್ರ, ಬಿದ್ದ ಹಾಲುಹಲ್ಲು, ಶಾಲೆಯ ಮಾರ್ಕ್ಸ್ ಕಾರ್ಡು, ಎಲ್ಲ ಹಾಗೇ ಅವನ ಕೈ ಸೇರಿದ್ದು. ಅವನ ಕಡೆಯಿಂದ ಮಾತ್ರ ಏನೂ ಆಚೆ ಹೋಗುವಂತಿರಲಿಲ್ಲ. ಬೊಂಬೆ ಕೊಡಿಸಬೇಕೆಂದರೆ ನನ್ನನ್ನು ವೇಗಸ್‌ಗೆ ಕರೆದುಕೊಂಡು ಹೋಗಿ, ಅಂಗಡಿಯ ಕಿಟಕಿಯ ಹೊರಗೆ ನಿಂತು ಬೆರಳು ತೋರಿಸುತ್ತಿದ್ದ.

“ನೀವೇ ತಗೊಂಡು ನೀವೇ ಕೊಡಿ ಮೇವಿಸ್. ನಾನು ಮುಟ್ಟಿಲ್ಲ ಅಂತ ವರ್ಲಾಗೆ ಹೇಳಿ.”

“ನಿನ್ನ ತಲೆ. ಮುಟ್ಟಿಲ್ಲ ಅಂದ್ರೆ ಅವಳಿಗೆ ಖುಷಿಯಾಗುತ್ತೆ ಅಂದ್ಕೊಂಡ್ಯಾ?”

ಅವನು ಮತ್ತೆ ಆ ಬೊಂಬೆಯ ಕಡೆಗೇ ಬೆರಳು ತೋರಿಸುತ್ತಿದ್ದ.

ನನ್ನ ಹೋಟೆಲಿನೊಳಗೂ ಅವನು ಕಾಲಿಡುವುದನ್ನು ಬಿಟ್ಟ. ಬೆಳಗಾದರೆ ಹಿಂಬಾಗಿಲ ಮೆಟ್ಟಿಲ ಮೇಲೆ ತನ್ನ ಕಪ್ಪು ಇಟ್ಟು ದೂರ ನಿಲ್ಲುತ್ತಿದ್ದ. ನಾನು ಕಾಫಿ ಸುರಿದು ಒಳಗೆ ಹೋದ ಮೇಲೆ ಎತ್ತಿಕೊಳ್ಳುತ್ತಿದ್ದ. ಹದಿನೇಳು ವರ್ಷ ಆ ಕಪ್ಪಿಗೆ ಕಾಫಿ ಸುರಿದಿದ್ದೇನೆ, ಈ ಕೈಯಿಂದಲೇ.

ಪ್ರತಿ ನವೆಂಬರ್, ಮಗಳ ಹುಟ್ಟುಹಬ್ಬದ ದಿನ, ಪೆಟ್ಟಿಗೆ ಕೇಳಲು ಬರುತ್ತಿದ್ದ. ಹಿಂದಿನ ದಿನವೇ ಗಡ್ಡ ಬೋಳಿಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೆಗೆದಿಡುತ್ತಿದ್ದ. ಈ ಸಲ ಶಬ್ದ ನಿಂತಿದ್ದರೆ ನೇರ ಮನೆಗೆ ಹೋಗಿ ಮಗಳನ್ನು ಅಪ್ಪಿಕೊಳ್ಳುವುದು, ಅಷ್ಟೇ ಅವನ ಆಸೆ. ಬೇರೆ ಏನೂ ಅವನು ಬೇಡಿದ್ದನ್ನು ನಾನು ಕೇಳಿಲ್ಲ. “ನೀನೇ ಒಂದು ಪೆಟ್ಟಿಗೆ ತಗೋಬಾರ್ದಾ?” ಎಂದು ಒಮ್ಮೆ ಕೇಳಿದ್ದೆ. “ಮನೇಲಿಟ್ಕೊಂಡ್ರೆ ದಿನಾ ಅದರ ಮುಂದೇನೇ ಕೂತ್ಬಿಡ್ತೀನಿ ಮೇವಿಸ್, ಬೇಡ,” ಎಂದ. ಪೆಟ್ಟಿಗೆಯನ್ನು ಟ್ರೇಲರಿಗೆ ಒಯ್ದು, ಧೈರ್ಯಕ್ಕೆಂದು ತನ್ನ ಕಪ್ಪಿನಲ್ಲಿ ಕಾಫಿ ಕುಡಿದು, ಮೇಜಿನ ಮುಂದೆ ಕೂತು ಹಿಡಿದು ನೋಡುತ್ತಿದ್ದ. ಅರ್ಧ ಗಂಟೆಗೆ ಪೆಟ್ಟಿಗೆ ವಾಪಸು ಬರುತ್ತಿತ್ತು.

“ಕಮ್ಮಿ ಆಗಿದ್ಯೇನೋ?” ಎಂದು ನಾನು ಕೇಳುತ್ತಿದ್ದೆ.

“ಹಾಗೇ ಇದೆ,” ಎನ್ನುತ್ತಿದ್ದ. ಇಸ್ತ್ರಿಯ ಅಂಗಿ ಬಿಚ್ಚಿಟ್ಟು, ಕಲ್ಲಿನ ಈಚೆ ಕುರ್ಚಿ ಹಾಕಿಕೊಂಡು ಮಗಳು ಕೇಕು ಕತ್ತರಿಸುವುದನ್ನು ನೋಡುತ್ತಿದ್ದ. ಅವಳು ಅವನ ಪಾಲಿನ ತುಂಡನ್ನು ಕಲ್ಲಿನ ಮೇಲಿಟ್ಟು ಮೂರು ಹೆಜ್ಜೆ ಹಿಂದೆ ಸರಿಯುತ್ತಿದ್ದಳು.

ನೆಡ್ರಾಗೆ ಹದಿನೆಂಟು ತುಂಬಿದ ದಿನ ಮಧ್ಯಾಹ್ನ ಧೂಳುಗಾಳಿ ಎದ್ದಿತು. ಎದುರಿನ ರನ್‌ವೇಯೇ ಕಾಣುತ್ತಿರಲಿಲ್ಲ. ಮಾರನೆ ವಾರ ಅವಳು ರೀನೋಗೆ ನರ್ಸ್ ಕೆಲಸ ಕಲಿಯಲು ಹೊರಡುವವಳಿದ್ದಳು. ಈ ಸಲ ತಪ್ಪಿದರೆ ಇನ್ನು ಯಾವಾಗಲೋ ಎಂದು ಆರ್ವಿಲ್‌ಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಡ್ಯೂಟಿ ಮುಗಿಸಿ ನೇರವಾಗಿ ಬಂದವನು ಆ ಗಾಳಿಯಲ್ಲಿ ಮೆಟ್ಟಿಲ ಕೆಳಗೆ, ಕಣ್ಣಿಗೆ ಕೈ ಅಡ್ಡ ಹಿಡಿದು, ಕೆಮ್ಮುತ್ತಾ ನಿಂತಿದ್ದ. ನನಗೆ ರೇಗಿಹೋಯಿತು.

“ಬಾ ಒಳಗೆ.”

“ಬೇಡ ಮೇವಿಸ್. ಪೆಟ್ಟಿಗೆ ಕೊಟ್ಬಿಡಿ.”

“ನನಗೆ ಐವತ್ತೈದಾಯ್ತು. ಮಕ್ಕಳಿಲ್ಲ ಮರಿಯಿಲ್ಲ. ನಿನ್ನಿಂದ ನನಗೆ ಏನು ಬರೋದಿದ್ರೂ ಬರ್ಲಿ. ಬರ್ತೀಯೋ, ಅಂಗಿ ಹಿಡಿದು ಎಳೀಲೋ?”

ಎಳೆದೇ ಬಿಟ್ಟೆ. ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ, ಹೋಟೆಲಿನ ಬಿಳಿ ಕಪ್ಪಿನಲ್ಲಿ ಕಾಫಿ ಕೊಟ್ಟೆ. ಅವನು ಕಪ್ಪನ್ನು ಎರಡು ಬೆರಳಲ್ಲಿ ಹಿಡಿದು, ಮುದುಡಿಕೊಂಡು ಕೂತ. ಮೇಜಿನ ಮೇಲೆ ಪೆಟ್ಟಿಗೆ ಇತ್ತು. ಹೊಸ ಬ್ಯಾಟರಿ ಹಾಕಿ ನೋಡಲು ಆಗಲೇ ಚಾಲೂ ಮಾಡಿದ್ದೆ, ಆರಿಸಿರಲಿಲ್ಲ. ಅವನ ಮೊಣಕೈಗೂ ಅದಕ್ಕೂ ಒಂದು ಗೇಣು.

ಟಿಕ್. ಸುಮಾರು ಹೊತ್ತಾದ ಮೇಲೆ ಇನ್ನೊಂದು ಟಿಕ್.

ನಾನು ಈರುಳ್ಳಿ ಹೆಚ್ಚುತ್ತಿದ್ದೆ. ಏನೋ ಸರಿಯಿಲ್ಲ ಅನ್ನಿಸಿತು, ಏನೆಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಚಾಕು ಕೆಳಗಿಟ್ಟೆ.

“ಆರ್ವಿಲ್, ಇದ್ಯಾಕೆ ಸುಮ್ನಿದೆ?”

“ಕೆಟ್ಟಿರ್ಬೇಕು.”

ಬೀರುವಿನಿಂದ ಲೀಲಂಡನ ಅದಿರಿನ ಕಲ್ಲು ತಂದು ಕೊಳವೆಯ ಪಕ್ಕ ಇಟ್ಟೆ. ಪೆಟ್ಟಿಗೆ ಕಿರುಚಿಕೊಂಡಿತು. ಕಲ್ಲನ್ನು ಆಚೆ ಕೋಣೆಗೆ ಒಯ್ದಿಟ್ಟು ಬಂದೆ. ಮತ್ತೆ ತೆಪ್ಪಗಾಯಿತು. ಅವನ ಬಲಗೈ ಎಳೆದು ಅಂಗೈಗೆ ಕೊಳವೆ ಒತ್ತಿದೆ. ಟಿಕ್. ಎದೆಗೆ, ಬೆನ್ನಿಗೆ, ಆ ದೊಡ್ಡ ಕಿವಿಗೆ ಕೂಡ ಹಿಡಿದೆ. ನನ್ನ ಕೈಗೆ ಹಿಡಿದರೆ ಎಷ್ಟೋ ಅವನಿಗೂ ಅಷ್ಟೇ. ಎದ್ದವನೇ ಪೆಟ್ಟಿಗೆ ಎತ್ತಿಕೊಂಡು ಗಾಳಿಯಲ್ಲಿ ಟ್ರೇಲರಿನ ಕಡೆ ಹೊರಟ. ನಾನೂ ಹಿಂದೆಯೇ ಓಡಿದೆ.

ಅಲ್ಲಿ ಮೇಜಿನ ಹತ್ತಿರ ಬಂದದ್ದೇ ತಡ, ಚಟಪಟ ಚಟಪಟ.

“ನೋಡಿದ್ರಾ,” ಎಂದ.

“ನೀನು ಹೊರಗೆ ನಡಿ.”

“ಮೇವಿಸ್...”

“ಹೊರಗೆ ನಡಿ ಅಂದೆ. ಹತ್ತು ಮಾರು ದೂರ ಹೋಗಿ ನಿಲ್ಲು.”

ಅವನು ಹೋದ. ಪೆಟ್ಟಿಗೆ ನಿಲ್ಲಲಿಲ್ಲ. ಅವನಿಲ್ಲದೆ ಅದು ಆ ಮೇಜಿನ ಮೇಲೆ ಇದ್ದದ್ದು ಅದೇ ಮೊದಲು. ನೋಡುವವನೂ ಅವನೇ, ಕೂತವನೂ ಅವನೇ. ತಾನು ಎದ್ದು ಹೋದರೂ ಅದು ಕೂಗುತ್ತದೆಯೇ ಎಂದು ನೋಡಲು ಅವನಿಗೆ ಹೇಗೆ ತೋಚಬೇಕು? ಕೊಳವೆ ಹಿಡಿದು ಹಾಸಿಗೆಗೆ ಹೋದೆ, ಸುಮ್ಮನಾಯಿತು. ಬೂಟು, ಸುಮ್ಮನೆ. ಮೇಜಿನ ಮೇಲಿನ ಗೂಡಿಗೆ ಬಂದೆ. ತೊಳೆದು ಕವುಚಿಟ್ಟ ಕಿತ್ತಳೆ ತಟ್ಟೆ, ಅದರ ಪಕ್ಕ ಕಪ್ಪು. ಕಿವಿ ಕಿತ್ತುಹೋಗುವ ಸದ್ದು.

ತಟ್ಟೆಯನ್ನು ಒಂದು ಕೈಯಲ್ಲಿ, ಪೆಟ್ಟಿಗೆಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಹೊರಗೆ ಬಂದೆ. ಸದ್ದು ನನ್ನ ಜೊತೆಗೇ ಬಂತು. ತಟ್ಟೆಯನ್ನು ನೆಲದ ಮೇಲಿಟ್ಟು ದೂರ ಸರಿದೆ. ಸದ್ದು ಅಲ್ಲೇ ಉಳಿಯಿತು. ಆ ಕಾಲದಲ್ಲಿ ಅಂಥ ಬಣ್ಣ ಬರಲೆಂದು ಮೆರುಗಿಗೆ ಯುರೇನಿಯಂ ಬೆರೆಸುತ್ತಿದ್ದರೆಂದು ಆಮೇಲೆ ಯಾರೋ ಹೇಳಿದರು. ಅವತ್ತು ನಮಗೆ ಅದೆಲ್ಲ ಗೊತ್ತಿರಲಿಲ್ಲ. ಗೊತ್ತಾಗಬೇಕಾದದ್ದು ಗೊತ್ತಾಗಿತ್ತು.

ಆರ್ವಿಲ್ ಟ್ರೇಲರಿನ ಮೆಟ್ಟಿಲ ಮೇಲೆ ಕೂತುಬಿಟ್ಟ. “ಅಮ್ಮನ ತಟ್ಟೆ,” ಎಂದ. “ಮನೆ ಬಿಡುವಾಗ ಇದನ್ನೇ ಜೊತೆಗೆ ತಂದೆ. ಅವರಿಗೆ ಅಂಟದಿರ್ಲಿ ಅಂತ.”

ನಾನು ಅತ್ತೆ. ಅಳುವುದರ ಜೊತೆಗೆ ಬೈದೆ ಕೂಡ. ಅವನನ್ನು, ಲೀಲಂಡನನ್ನು, ಆ ಪೆಟ್ಟಿಗೆ ಮಾಡಿದವನನ್ನು, ಎಲ್ಲರಿಗಿಂತ ಹೆಚ್ಚಾಗಿ ನನ್ನನ್ನು. ಹದಿನೇಳು ವರ್ಷದಲ್ಲಿ ಒಂದೇ ಒಂದು ಬೆಳಿಗ್ಗೆ ಆ ಪೆಟ್ಟಿಗೆಯನ್ನು ಮೆಟ್ಟಿಲ ಮೇಲೆ ಕಪ್ಪಿನ ಪಕ್ಕ ಇಟ್ಟು ಕಾಫಿ ಸುರಿದಿದ್ದರೆ ಸಾಕಿತ್ತು. ತಟ್ಟೆ ಒಡೆದು ಚೂರು ಮಾಡಲು ಎತ್ತಿದೆ. ಅವನು ನನ್ನ ಕೈ ಹಿಡಿದುಕೊಂಡ. “ಬೇಡ ಮೇವಿಸ್, ಅಮ್ಮಂದು.” ಆ ಹದಿನೇಳು ವರ್ಷದಲ್ಲಿ ಅವನು ಇನ್ನೊಬ್ಬರನ್ನು ಮುಟ್ಟಿದ್ದನ್ನು ನಾನು ಕಂಡದ್ದು ಅದೇ ಮೊದಲು. ಅವನಿಗೂ ಅದು ಆಗ ಹೊಳೆಯಿತೋ ಏನೋ, ನನ್ನ ಮಣಿಕಟ್ಟಿನ ಮೇಲಿನ ತನ್ನ ಬೆರಳುಗಳನ್ನೇ ನೋಡುತ್ತಾ ನಿಂತ.

ಆಮೇಲೆ ಕೈ ತೊಳೆಯಲು ಹೋದ. ಸೋಪು ಹಚ್ಚಿ, ಉಗುರಿನ ಸಂದಿಯೆಲ್ಲ ಉಜ್ಜಿ, ಮತ್ತೆ ಸೋಪು ಹಚ್ಚಿ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಗೆ ಬಂದ.

ಗಾಳಿ ಇಳಿದಿತ್ತು. ನೆಡ್ರಾ ಹಿತ್ತಿಲಲ್ಲಿ ಹಗ್ಗದಿಂದ ಬಟ್ಟೆ ತೆಗೆದು ಧೂಳು ಕೊಡವುತ್ತಿದ್ದಳು. ಅಪ್ಪನಷ್ಟೇ ಎತ್ತರ, ಕಿವಿ ಮಾತ್ರ ಕೊನೆಗೂ ಬಂದಿರಲಿಲ್ಲ. ಆರ್ವಿಲ್ ಬಿಳಿ ಕಲ್ಲು ದಾಟಿದ. ಅವಳು ತಿರುಗಿ ನೋಡಿದಳು. ನೋಡಿದವಳೇ, ಕೈಯಲ್ಲಿ ಬಟ್ಟೆ ಹಿಡಿದುಕೊಂಡು, ಒಂದು, ಎರಡು, ಮೂರು ಹೆಜ್ಜೆ ಹಿಂದಕ್ಕೆ ಸರಿದಳು.

“ಅಪ್ಪ, ಕಲ್ಲು ದಾಟಿದ್ದೀಯ,” ಎಂದಳು ಮೆಲ್ಲಗೆ, ಮರೆತವರಿಗೆ ನೆನಪು ಮಾಡಿಕೊಡುವ ಹಾಗೆ.

“ಹೌದಲ್ಲ,” ಎಂದು ಆ ಹುಚ್ಚಪ್ಪ ತಾನೂ ಒಂದು ಹೆಜ್ಜೆ ಹಿಂದೆ ಇಟ್ಟ.

ನನಗೆ ಎಲ್ಲಿತ್ತೋ ಸಿಟ್ಟು. ಹಿಂದಿನಿಂದ ಹೋಗಿ ಅವನ ಬೆನ್ನಿಗೆ ಎರಡೂ ಕೈ ಕೊಟ್ಟು ನೂಕಿದೆ. “ಹೋಗೋ, ಹೋಗಿ ಹಿಡ್ಕೊಳ್ಳೋ. ನೆಡ್ರಾ, ಅಲ್ಲೇ ನಿಂತ್ಕೋ. ನಿಮ್ಮಪ್ಪನಿಗೆ ಏನೂ ಆಗಿಲ್ಲ, ಯಾವತ್ತೂ ಆಗಿರ್ಲಿಲ್ಲ.”

“ಮೇವಿಸ್ ಆಂಟಿ, ಏನು ಹೇಳ್ತಿದ್ದೀರಾ?” ಎಂದಳು ಅವಳು. ಅವಳ ಬೆನ್ನಿಗೆ ಬಟ್ಟೆ ಹಗ್ಗದ ಕಂಬ ತಾಗಿತ್ತು, ಹಿಂದೆ ಸರಿಯಲು ಜಾಗವಿರಲಿಲ್ಲ.

ಆರ್ವಿಲ್ ಅವಳನ್ನು ಹಿಡಿದುಕೊಂಡ. ಹೇಗೆ ಹಿಡಿಯಬೇಕೆಂದು ಅವನಿಗೆ ತಿಳಿಯಲಿಲ್ಲ. ಎಂಟು ತಿಂಗಳ ಕೂಸನ್ನು ಹಿಡಿದದ್ದೇ ಅವನ ಕೈಗೆ ಕೊನೆಯ ನೆನಪು. ಹಾಗಾಗಿ ಹದಿನೆಂಟು ತುಂಬಿದ ಆ ಹುಡುಗಿಯ ತಲೆಯ ಹಿಂದೆ ಅಂಗೈ ಇಟ್ಟು, ಕುತ್ತಿಗೆ ವಾಲದ ಹಾಗೆ ಆನಿಸಿಕೊಂಡು ನಿಂತ. ನೆಡ್ರಾ ಮರದ ಕೊರಡಿನಂತೆ ಸೆಟೆದು ನಿಂತಿದ್ದಳು. ಅವಳ ಕೈಗಳು ಬಟ್ಟೆ ಹಿಡಿದುಕೊಂಡೇ ಇದ್ದವು. ಬಹಳ ಹೊತ್ತಿನ ಮೇಲೆ ಬಟ್ಟೆ ಕೆಳಗೆ ಬಿತ್ತು.

ಬಾಗಿಲಲ್ಲಿ ವರ್ಲಾ ಬಂದು ನಿಂತಿದ್ದಳು. ನಾನು ಹೋಗಿ ನಾಲ್ಕು ಮಾತಿನಲ್ಲಿ ತಟ್ಟೆಯ ವಿಷಯ ಹೇಳಿದೆ. ಗೋಡೆಯನ್ನೂ ಮಾತಾಡಿಸುವವಳು ಒಳಗೆ ಹೋಗಿ ಒಲೆಯ ಮುಂದೆ ನಿಂತು, ಹುರಿದಾಗಿದ್ದ ಕೋಳಿಯನ್ನೇ ಮತ್ತೆ ತಿರುವಿ ಹಾಕತೊಡಗಿದಳು. ಅವಳ ವಯಸ್ಸೆಲ್ಲ ಆ ಕಲ್ಲಿನ ಸಾಲಿನ ಆಚೆ ಕಳೆದುಹೋಗಿತ್ತು. ಇನ್ನೆರಡು ಮಕ್ಕಳು ಬೇಕೆಂದು ಆಸೆಪಟ್ಟಿದ್ದವಳು ಅವಳು.

ಸಂಜೆ ನಾಲ್ವರೂ ಊಟಕ್ಕೆ ಕೂತೆವು. ವರ್ಲಾ ತನಗೆ ನೀಲಿ ತಟ್ಟೆ ಇಟ್ಟುಕೊಂಡಳು, ಮಗಳಿಗೆ ಹಳದಿ. ಗೂಡಿನ ಮುಂದೆ ಸ್ವಲ್ಪ ಹೊತ್ತು ನಿಂತಳು. ಬೇರೆ ಬಣ್ಣ ಇರಲಿಲ್ಲ. ನನಗೊಂದು, ಆರ್ವಿಲ್‌ಗೊಂದು, ನೆಂಟರ ಹಸಿರು ತಟ್ಟೆಗಳನ್ನು ತಂದಿಟ್ಟಳು. ಆರ್ವಿಲ್ ಆ ತಟ್ಟೆಯ ಅಂಚನ್ನು ಒಮ್ಮೆ ಬೆರಳಿಂದ ಮುಟ್ಟಿ ನೋಡಿದ. ಉಪ್ಪು ಎಲ್ಲಿದೆ ಎಂದು ಕೇಳಿದ. ತನ್ನ ಮನೆಯಲ್ಲಿ ಉಪ್ಪು ಎಲ್ಲಿರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ನೆಡ್ರಾ ಉಪ್ಪಿನ ಡಬ್ಬಿ ಎತ್ತಿ ಮೇಜಿನ ನಡುವೆ ಇಟ್ಟು, ಅಭ್ಯಾಸ ಬಲದಿಂದ ಕೈ ಹಿಂದಕ್ಕೆ ಎಳೆದುಕೊಂಡಳು. ಆಮೇಲೆ ಡಬ್ಬಿಯನ್ನು ಮತ್ತೆ ಕೈಗೆತ್ತಿಕೊಂಡು, ಅವನ ಕೈಗೇ ಕೊಟ್ಟಳು.